ಲಘು, ಗುರು ಮತ್ತು ಗಣಕಯಂತ್ರ

ಛಂದಸ್ಸು ಹೇಳಿಕೊಡುವ ಕನ್ನಡ ಪಂಡಿತನಿಗೂ ಗಣಕಯಂತ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಿರುಗುಪ್ಪ, ಕುರುಗೋಡುಗಳಲ್ಲಿ ಪಾಠ ಹೇಳಿ ಈಗ ಬಳ್ಳಾರಿ ನಗರದಲ್ಲಿರುವ ನನಗೆ ಆ ಸಂಬಂಧವನ್ನು ತೋರಿಸಿಕೊಟ್ಟವಳು ಕುರುಗೋಡಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ಒಬ್ಬ ಹುಡುಗಿ. ವ್ಯಾಕರಣದಲ್ಲಿ ಬಹಳ ಚುರುಕು. ಆದರೆ ಕಂಪ್ಯೂಟರ್ ಕೊಠಡಿಯ ಬಾಗಿಲಿನಲ್ಲಿಯೇ ನಿಂತುಬಿಡುತ್ತಿದ್ದಳು. ಕಾರಣ ಕೇಳಿದರೆ, “ನನಗ ಇಂಗ್ಲಿಷ್ ಬರಾದಿಲ್ಲ ಸಾರ್, ಕಂಪ್ಯೂಟರ್ ಹೆಂಗ ಬಂದೀತು?” ಎಂದಳು. 2001ರಲ್ಲಿ ‘ಮಾಹಿತಿ ಸಿಂಧು’ ಯೋಜನೆಯಿಂದ ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಬಂದಂದಿನಿಂದಲೂ ಈ ಅಂಜಿಕೆಯನ್ನು ಕಾಣುತ್ತಿದ್ದೇನೆ. ಯಂತ್ರ ಬಂದರಷ್ಟೇ ಸಾಲದು, ಅಂಜಿಕೆ ಹೋಗಬೇಕು.

ನಿಜ ಹೇಳಬೇಕೆಂದರೆ ಗಣಕಯಂತ್ರಕ್ಕೆ ಇಂಗ್ಲಿಷೂ ಬಾರದು, ಕನ್ನಡವೂ ಬಾರದು. ಅದು ಬಲ್ಲುದು ಎರಡೇ ಸ್ಥಿತಿ: ವಿದ್ಯುತ್ತಿನ ಸಂಕೇತ ಇದೆ, ಇಲ್ಲ. ಇದ್ದರೆ 1, ಇಲ್ಲದಿದ್ದರೆ 0. ಎರಡೇ ಗುರುತುಗಳಿಂದ ಇಷ್ಟೆಲ್ಲ ಕೆಲಸ ಹೇಗೆ ಸಾಧ್ಯವೆಂದರೆ, ಉತ್ತರ ನಮ್ಮ ಛಂದಸ್ಸಿನ ಪಾಠದಲ್ಲಿಯೇ ಇದೆ.

ಪದ್ಯಕ್ಕೆ ಪ್ರಸ್ತಾರ ಹಾಕುವಾಗ ನಮಗೆ ಬೇಕಾದುದು ಲಘು, ಗುರು ಎರಡೇ. ಮೂರಕ್ಷರದ ಗಣಗಳು ಎಂಟು. ನಾಲ್ಕಕ್ಷರಕ್ಕೆ 16 ವಿನ್ಯಾಸ, ಐದಕ್ಕೆ 32. ಒಂದಕ್ಷರ ಹೆಚ್ಚಿದಂತೆ ಲೆಕ್ಕ ಇಮ್ಮಡಿಸುತ್ತದೆ. ಈ ಗಣಿತವನ್ನು ಸಂಸ್ಕೃತದಲ್ಲಿ ಪಿಂಗಳನೂ, ಕನ್ನಡದಲ್ಲಿ ಹತ್ತನೆಯ ಶತಮಾನದ ನಾಗವರ್ಮನು ತನ್ನ ‘ಛಂದೋಂಬುಧಿ’ಯಲ್ಲಿಯೂ ಹೇಳಿದ್ದಾರೆ. ಅವರು ಯಂತ್ರ ಕಟ್ಟಿದ್ದರೆಂಬ ಭ್ರಮೆ ನಮಗೆ ಬೇಡ. ಯಂತ್ರಕ್ಕೆ ಬೇಕಾದ ಎಣಿಕೆಯ ದಾರಿ ಮಾತ್ರ ಅವರಿಗೆ ತಿಳಿದಿತ್ತು.

‘ಉದ್ದಿಷ್ಟ’ವೆಂಬ ಕ್ರಮವನ್ನು ನೋಡಿರಿ. ಅಕ್ಷರಗಳ ಮೇಲೆ ಕ್ರಮವಾಗಿ 1, 2, 4, 8 ಎಂದು ಇಮ್ಮಡಿಸುತ್ತ ಬರೆಯಬೇಕು. ಲಘುಗಳ ಮೇಲಿರುವ ಅಂಕಗಳನ್ನಷ್ಟೆ ಕೂಡಿ, ಒಂದನ್ನು ಸೇರಿಸಿದರೆ, ಆ ವಿನ್ಯಾಸವು ಪ್ರಸ್ತಾರದ ಎಷ್ಟನೆಯ ಸಾಲೆಂದು ತಿಳಿಯುತ್ತದೆ. ‘ಬಳ್ಳಾರಿ’ ಎಂಬುದು ಗುರು, ಗುರು, ಲಘು. ನಾಲ್ಕಕ್ಕೆ ಒಂದು ಸೇರಿ ಐದನೆಯ ಸಾಲು, ತಗಣ. ಕಡೆಯಲ್ಲಿ ಸೇರಿಸಿದ ಒಂದನ್ನು ಬಿಟ್ಟರೆ, ಇದೇ ಗಣಕಯಂತ್ರದ ದ್ವಿಮಾನ ಪದ್ಧತಿ. ಅಲ್ಲಿ ಲಘುವಿಗೆ 1, ಗುರುವಿಗೆ 0. ಅಂಕಗಳನ್ನು ಬಲದಿಂದ ಎಡಕ್ಕೆ ಇಮ್ಮಡಿಸುವುದಷ್ಟೆ ಭೇದ.

ಇನ್ನು ‘ಸಿರುಗುಪ್ಪ’ ಮತ್ತು ‘ಕುರುಗೋಡು’ಗಳಿಗೆ ಪ್ರಸ್ತಾರ ಹಾಕಿರಿ. ಎರಡೂ ಲಘು, ಲಘು, ಗುರು, ಲಘು. ಎರಡೂ ಹನ್ನೆರಡನೆಯ ಸಾಲು! ನಾಲ್ಕೇ ಗುರುತುಗಳಿಂದ ಊರುಗಳನ್ನು ಬೇರ್ಪಡಿಸಲಾಗದೆಂದು ಮಕ್ಕಳು ತಾವಾಗಿಯೇ ಹೇಳುತ್ತಾರೆ. ಆದುದರಿಂದಲೇ ಯಂತ್ರವು ಗುರುತುಗಳ ಸಾಲನ್ನು ಉದ್ದವಾಗಿಸಿ, ಒಂದೊಂದು ಅಕ್ಷರಕ್ಕೂ ಬೇರೆ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಯೂನಿಕೋಡ್ ಎಂಬ ಲೋಕಮಾನ್ಯ ಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡ ‘ಎ’ಗೆ 65, ನಮ್ಮ ‘ಕ’ಕಾರಕ್ಕೆ 3221. ದ್ವಿಮಾನದಲ್ಲಿ ‘ಕ’ 110010010101. ಯಂತ್ರದ ಮಟ್ಟಿಗೆ ಎರಡೂ ಸಂಖ್ಯೆಗಳೇ. ಒಂದು ಮೇಲಲ್ಲ, ಇನ್ನೊಂದು ಕೀಳಲ್ಲ.

ಬರೆದಿಡುವುದು ಹೀಗಾದರೆ, ಲೆಕ್ಕ ಮಾಡುವುದು ಹೇಗೆ? ಸಿರುಗುಪ್ಪದ ಗದ್ದೆಗಳಿಗೆ ತುಂಗಭದ್ರೆಯ ನೀರು ತರುವ ಕಾಲುವೆಯನ್ನು ನೆನೆಯಿರಿ. ಒಂದೇ ಕಾಲುವೆಯಲ್ಲಿ ಒಂದರ ಮುಂದೊಂದು ಎರಡು ತೂಬುಗಳಿದ್ದರೆ, ಎರಡೂ ತೆರೆದಾಗ ಮಾತ್ರ ಗದ್ದೆಗೆ ನೀರು. ಬೇರೆಬೇರೆ ಎರಡು ಕಾಲುವೆಗಳಲ್ಲಿ ಒಂದೊಂದು ತೂಬಿದ್ದರೆ, ಯಾವುದು ತೆರೆದರೂ ಸರಿ. ದ್ವಿಮಾನದಲ್ಲಿ 1ಕ್ಕೆ 1 ಕೂಡಿದರೆ ಆ ಮನೆಯಲ್ಲಿ 0 ಬರೆದು ಕೈಯಲ್ಲಿ 1 ಹಿಡಿಯಬೇಕು. ಎರಡೂ ಕಡೆ 1 ಇದ್ದಾಗ ಮಾತ್ರ ಕೈಯಲ್ಲಿ 1. ಇದು ಮೊದಲನೆಯ ಬಗೆಯ ತೂಬಿನ ಕೆಲಸವೇ ಅಲ್ಲವೆ? 1947ರಲ್ಲಿ ಅಮೆರಿಕೆಯಲ್ಲಿ ರೂಪುಗೊಂಡ ಟ್ರಾನ್ಸಿಸ್ಟರ್ ವಿದ್ಯುತ್ತಿಗೆ ಅಂಥ ತೂಬು. ಇಂದು ಉಗುರಿನಗಲದ ಸಿಲಿಕಾನ್ ಬಿಲ್ಲೆಯಲ್ಲಿ ಕೋಟ್ಯಂತರ ತೂಬುಗಳು ಸೆಕೆಂಡಿಗೆ ನೂರಾರು ಕೋಟಿ ಬಾರಿ ತೆರೆದು ಮುಚ್ಚಬಲ್ಲವು. ಕೀಲಿಮಣೆಯಿಂದ ಬಂದುದನ್ನು ನೆನಪಿನ ಕೋಶದಲ್ಲಿಟ್ಟು, ನಾವು ಬರೆದುಕೊಟ್ಟ ಆಜ್ಞೆಗಳಂತೆ ಈ ತೂಬುಗಳಲ್ಲಿ ಹಾಯಿಸಿ, ಫಲವನ್ನು ಪರದೆಯ ಮೇಲೆ ತೋರಿಸುವುದೇ ಗಣಕಯಂತ್ರ. ಮಕ್ಕಳ ಕೈಯಲ್ಲಿರುವ ಮೊಬೈಲೂ ಅದೇ.

ಇದನ್ನೆಲ್ಲ ಕಪ್ಪುಹಲಗೆಯ ಮೇಲೆ ಕಲಿತ ಬಳಿಕ ಆ ಹುಡುಗಿ ಕೊಠಡಿಯೊಳಗೆ ಬಂದಳು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸದಲ್ಲಿ, ಒಂದೊಂದೇ ಕೀಲಿಯನ್ನು ಹುಡುಕುತ್ತ, ‘ಕುರುಗೋಡು’ ಎಂದು ಮೂಡಿಸಿದಳು. ಆಮೇಲೆ ತಿರುಗಿ, “ಇದು ಊರಂತ ಅದಕ್ಕ ಗೊತ್ತೇನ್ ಸಾರ್?” ಎಂದು ಕೇಳಿದಳು.

ಗೊತ್ತಿಲ್ಲ. ಗುರುತುಗಳನ್ನು ಎಣಿಸಬಲ್ಲ ಯಂತ್ರಕ್ಕೆ ಅಲ್ಲಿಯ ದೊಡ್ಡಬಸವೇಶ್ವರನ ಗುಡಿಯಾಗಲಿ, ಆಕೆಯ ಮನೆಯಾಗಲಿ ಗೊತ್ತಿಲ್ಲ. ಅರ್ಥ ನಮ್ಮದು, ಎಣಿಕೆ ಅದರದು. ಇಷ್ಟನ್ನು ಮಕ್ಕಳಿಗೆ ಅವರ ನುಡಿಯಲ್ಲಿಯೇ ತಿಳಿಸಿರಿ; ಅವರು ಯಂತ್ರಕ್ಕೆ ಅಂಜುವುದಿಲ್ಲ, ಅದನ್ನು ಪೂಜಿಸುವುದೂ ಇಲ್ಲ.