ಮನೆಯಲ್ಲಿ ಕಲಿತ ಮಗುವಿಗೆ ಪರೀಕ್ಷೆ ಎಲ್ಲಿ?

2023ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಜಿಲ್ಲೆ ಶೇ 96.8ರೊಂದಿಗೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಬರದ ನಾಡು ಎನಿಸಿಕೊಂಡ ಜಿಲ್ಲೆಗೆ ಅದು ದೊಡ್ಡ ಸಂಭ್ರಮ. ಆದರೆ ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ ಒಂದು ಮಗು ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಿದ್ದರೆ, ವರ್ಷದ ಕೊನೆಗೆ ಅದರ ಕಲಿಕೆ ಎಲ್ಲಿಗೆ ಬಂತೆಂದು ನೋಡಿ ಹೇಳುವ ವ್ಯವಸ್ಥೆ ನಮ್ಮ ತಾಲ್ಲೂಕುಗಳಲ್ಲಿ ಇಲ್ಲ. ಸುಲಭವಾಗಿ ತೆರೆದಿರುವುದು ಹತ್ತನೇ ತರಗತಿಯ ಬಾಗಿಲು ಮಾತ್ರ.

ಆ ಬಾಗಿಲು ಹಳೆಯದು. 1966ರ ಕಾಯ್ದೆಯಂತೆ ರಾಜ್ಯದಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ರೂಪುಗೊಂಡಿತು. ಶಾಲಾ ಅಭ್ಯರ್ಥಿಗಳ ಜೊತೆಗೆ ಖಾಸಗಿ ಅಭ್ಯರ್ಥಿಗಳಿಗೂ ಅದು ಪರೀಕ್ಷೆ ನಡೆಸುತ್ತದೆ. ನಡುವೆ ಓದು ಬಿಟ್ಟು ಮದುವೆಯಾದ ಹೆಣ್ಣುಮಕ್ಕಳು, ಗ್ಯಾರೇಜಿಗೆ ಸೇರಿದ ಹುಡುಗರು ಪ್ರೈವೇಟಾಗಿ ಎಸ್‌ಎಸ್‌ಎಲ್‌ಸಿ ಕಟ್ಟುವುದು ಈ ದಾರಿಯಲ್ಲೇ. ಮನೆಯಲ್ಲಿ ಕಲಿತವರಿಗೂ ಇದೇ ದಾರಿ. ಆದರೆ ಇಲ್ಲಿಗೆ ಬರಲು ಮಗು ಹದಿಹರೆಯದ ನಡುಭಾಗದವರೆಗೆ ಕಾಯಬೇಕು.

ಇನ್ನೊಂದು ದಾರಿ ದೆಹಲಿಯಿಂದ ಬಂತು. 1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಶುರುವಾದ ಮುಕ್ತ ಶಾಲೆ 1989ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಇಂದಿನ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಅದೇ. 14 ತುಂಬಿದವರು ಅಲ್ಲಿ ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಐದು ವರ್ಷಗಳ ಅವಧಿ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಪಾಸು ಮಾಡಿಕೊಂಡು ಹೋಗಬಹುದು. ಚಿಕ್ಕವರಿಗಾಗಿ 3, 5 ಮತ್ತು 8ನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳೂ ಇವೆ. ಆದರೆ ಅವು ನಡೆಯುವುದು ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ.

2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಾಗ ಎಂಟನೇ ತರಗತಿ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಬೇಡ, ಯಾರನ್ನೂ ಫೇಲು ಮಾಡಬೇಡಿ ಎಂದಿತು. ಮಗುವಿನ ಹೆದರಿಕೆ ಕಳೆಯಬೇಕೆಂಬ ಆ ಆಶಯ ದೊಡ್ಡದು. ಮನೆಯಲ್ಲಿ ಕಲಿಸುವವರ ಬಗ್ಗೆ ಮಾತ್ರ ಕಾಯ್ದೆ ಏನನ್ನೂ ಹೇಳಲಿಲ್ಲ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯ ಪರೀಕ್ಷೆಗೆ ಮತ್ತೆ ಅವಕಾಶ ಕೊಟ್ಟಿತು.

ಕರ್ನಾಟಕದಲ್ಲಿ ಅದು ಕೋರ್ಟಿನ ಮೆಟ್ಟಿಲೇರಿತು. 2023ರ ಮಾರ್ಚ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ 5 ಮತ್ತು 8ನೇ ತರಗತಿಯ ಬೋರ್ಡ್ ಮೌಲ್ಯಾಂಕನದ ಸುತ್ತೋಲೆಗಳನ್ನು ರದ್ದು ಮಾಡಿತು. ವಿಭಾಗೀಯ ಪೀಠ ಅನುಮತಿ ಕೊಟ್ಟ ಮೇಲೆ ತಿಂಗಳ ಕೊನೆಗೆ ಪರೀಕ್ಷೆ ನಡೆಯಿತು. ಮರುವರ್ಷ 9 ಮತ್ತು 11ನೇ ತರಗತಿಗಳೂ ಸೇರಿಕೊಂಡವು. ಮತ್ತೆ ಅದೇ ಜಗ್ಗಾಟ. 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶ ಪ್ರಕಟಣೆಗೇ ತಡೆ ಹಾಕಿತು. ಇಷ್ಟೆಲ್ಲ ವಾದ ನಡೆದದ್ದು ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಕ್ಕಳ ಬಗ್ಗೆ.

ಆ ಪುಸ್ತಕದ ಹೊರಗಿರುವ ಮಕ್ಕಳನ್ನು ನೋಡುವ ಬಗೆ ಬೇರೆಡೆ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮನೆಯಲ್ಲಿ ಕಲಿಯುವ ಮಕ್ಕಳು 3, 5 ಮತ್ತು 8ನೇ ತರಗತಿಯ ಹಂತದಲ್ಲಿ ಪರೀಕ್ಷೆ ಬರೆಯಬೇಕು. ಜೊತೆಗೆ ಪ್ರತಿ ವರ್ಷ ಅರ್ಹರೊಬ್ಬರು ಮಗುವಿನ ಬರಹ, ಲೆಕ್ಕ, ಓದಿನ ಪಟ್ಟಿ ನೋಡಿ, ಮಗುವನ್ನು ಮಾತಾಡಿಸಿ ವರದಿ ಕೊಡುತ್ತಾರೆ. ಆ ಎರಡನೆಯದು ನಮಗೆ ಬೇಕಾದದ್ದು.

ಅದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಮಂಡಳಿಯೂ ಬೇಡ. ಚಿತ್ರದುರ್ಗದಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗಳಿವೆ. ಬೇಸಿಗೆ ರಜೆಗೆ ಮುಂಚೆ ಒಂದು ದಿನ ಗೊತ್ತುಮಾಡಿ, ಶಾಲೆಯ ಹೊರಗೆ ಕಲಿಯುವ ಮಕ್ಕಳನ್ನು ಇಷ್ಟವಿದ್ದರೆ ಬನ್ನಿ ಎಂದು ಕರೆಯಲಿ. ಪಾಸು, ಫೇಲು ಬೇಡ. ಓದು, ಬರಹ, ಲೆಕ್ಕ ಎಲ್ಲಿದೆ, ಮುಂದೇನು ಕಲಿಸಬೇಕು ಎಂದು ಅನುಭವಿ ಶಿಕ್ಷಕರು ಒಂದು ಪುಟ ಬರೆದು ಕೊಡಲಿ. ಕುರಿ ಮಂದೆಯ ಹಿಂದೆ ಊರೂರು ತಿರುಗುವ ಹಟ್ಟಿಯ ಮಕ್ಕಳಿಗೂ, ಗುಳೆ ಹೋಗಿ ಬಂದ ತಾಂಡಾದ ಮಕ್ಕಳಿಗೂ ಆ ಪುಟ ಉಪಯೋಗಕ್ಕೆ ಬರುತ್ತದೆ. ಶಾಲೆಗೆ ಮರಳಿದಾಗ ಎಲ್ಲಿಂದ ಕಲಿಸಬೇಕೆಂದು ಅದು ತಿಳಿಸುತ್ತದೆ. ಜಿಲ್ಲೆಯ ಶಿಕ್ಷಣ ಇಲಾಖೆ ಈ ಕೆಲಸವನ್ನು ಮುಂದಿನ ಮಾರ್ಚ್‌ನಿಂದಲೇ ಆರಂಭಿಸಲಿ.