ನಿಮಗಿದು ಗೊತ್ತೇ? ಗೊತ್ತಾಗುವುದೇ ಬೇಡ ಎನ್ನುವವರು

● ರಾವಂದೂರು, ಪಿರಿಯಾಪಟ್ಟಣ, ಹುಣಸೂರು ಸುತ್ತ ಮಳೆಗಾಲವೆಂದರೆ ಹೊಗೆಸೊಪ್ಪು ಮುರಿಯುವ ಕಾಲ. ಎಲೆ ಒದ್ದೆಯಾಗಿದ್ದರೆ ಅದರ ನಿಕೋಟಿನ್ ನೀರಿಗಿಳಿದು, ಬರಿಗೈಯ ಚರ್ಮದ ಮೂಲಕವೇ ಮೈ ಸೇರುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ! ಬೀಡಿ ಮುಟ್ಟದ ಹೆಂಗಸರನ್ನೂ ಇದು ಬಿಡದು. ‘ಪಿತ್ತ ಇರಬೇಕು’ ಎಂದು ನಿಂಬೆ ಪಾನಕ ಕುಡಿದು ಮತ್ತೆ ಸಾಲಿಗಿಳಿಯುವವರಿದ್ದಾರೆ. ಕಾರಣ ಗೊತ್ತಾದರೆ ಕೂಲಿ ಬಿಡಬೇಕಾದೀತೆಂಬ ಭಯ. ಕೂಲಿ ಬಿಡಬೇಕಿಲ್ಲ, ಕೈಗವಸು, ತುಂಬುತೋಳಿನ ಅಂಗಿ ಇರಲಿ, ಎಲೆಯ ನೀರು ಆರಲಿ.

● ಸಿಗರೇಟು ಪ್ಯಾಕಿನ ಮುಖ್ಯ ಬದಿಗಳ ಶೇ 85 ಭಾಗ ಎಚ್ಚರಿಕೆಯ ಚಿತ್ರ ಮತ್ತು ಬರಹವೇ ಇರಬೇಕು. ಬಿಡಿಯಾಗಿ ಕೊಂಡವನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬಿಡಿ ಮಾರಾಟವನ್ನು ಕರ್ನಾಟಕ 2017ರಲ್ಲೇ ನಿಷೇಧಿಸಿದೆ.

● ಜರ್ಮನಿ ಮತ್ತು ಸ್ಪೇನಿನಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 85ರಿಂದ 90ರಷ್ಟು ಜನ ಮುಂದೆ ಬರುವ ಕೆಡುಕು ಈಗಲೇ ತಿಳಿಯುವುದು ಬೇಡ ಎಂದರು.

● ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಇಡೀ ಜೀನೋಮನ್ನು ಬಹಿರಂಗಪಡಿಸಿದರು, ಒಂದು ಜೀನನ್ನು ಬಿಟ್ಟು. ಅದು ಆಲ್‌ಝೈಮರ್ ಅಪಾಯ ಹೇಳುವ ಜೀನು. ಆ ಕಾಯಿಲೆಗೆ ಅಂದು ವಾಸಿಮಾಡುವ ಮದ್ದಿರಲಿಲ್ಲ; ಅವರ ನಿರ್ಧಾರ ಸರಿಯೆಂದೇ ನನಗನ್ನಿಸುತ್ತದೆ. ವಂಶವಾಹಿ ಪರೀಕ್ಷೆಯ ಫಲಿತಾಂಶ ತಿಳಿಯದಿರುವ ಹಕ್ಕನ್ನು ಯುನೆಸ್ಕೊ 1997ರ ಘೋಷಣೆಯಲ್ಲೇ ಮಾನ್ಯ ಮಾಡಿದೆ.

● ಕೆಲವೊಮ್ಮೆ ತಿಳಿಯದಿರುವುದೇ ನ್ಯಾಯ. ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುವುದನ್ನು 1994ರ ಕಾಯ್ದೆ ನಿಷೇಧಿಸಿದೆ. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ದಂಧೆ ಸಿಕ್ಕಿಬಿತ್ತು. ಆ ಉತ್ತರಕ್ಕೆ ಹೆಣ್ಣುಕೂಸುಗಳು ಜೀವ ತೆತ್ತವು.

● ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಅದರ ಜೀನು ಹೊತ್ತವರು ತಾವು ಆರೋಗ್ಯವಾಗಿಯೇ ಇರಬಹುದು. ಆದರೆ ಗಂಡ ಹೆಂಡತಿ ಇಬ್ಬರಲ್ಲೂ ಆ ಜೀನಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ಶೇ 25. ಸಂಬಂಧ ತಪ್ಪೀತೆಂದು ಪರೀಕ್ಷೆಗೆ ಹೆದರಿದರೆ ನೋವು ಉಣ್ಣುವುದು ಹುಟ್ಟಲಿರುವ ಮಗು.

● ಸಕ್ಕರೆ ಕಾಯಿಲೆ, ಬಿಪಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲವು. ಇವೆರಡಕ್ಕೂ ಮದ್ದಿದೆ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಉಚಿತ. ‘ನೋಡಿಸಿದರೆ ತಾನೇ ಕಾಯಿಲೆ’ ಎನ್ನುವ ಅಪ್ಪ, ಅಮ್ಮ, ಮಾವ, ಅತ್ತೆ ನಿಮ್ಮ ಮನೆಯಲ್ಲಿದ್ದರೆ ಈ ವಾರವೇ ಜೊತೆಗೆ ಕರೆದುಕೊಂಡು ಹೋಗಿ.