ಕಿವಿಯೂ ಸದ್ದು ಮಾಡುತ್ತದೆ

“ಕಿವ್ಯಾಗ ಗುಂಯ್ ಅಂತದ್ರಿ, ಯಾವ್ದಾರ ಒಂದು ಗುಳಿಗಿ ಕೊಡ್ರಿ.” ಶಹಾಪುರ, ಸುರಪುರದ ಔಷಧಿ ಅಂಗಡಿಗಳಿಗೆ ಈ ಬೇಡಿಕೆ ಹೊಸದಲ್ಲ. ಹತ್ತಿ ಮಿಲ್ಲಿನ ಗದ್ದಲದಲ್ಲಿ, ಟ್ರ್ಯಾಕ್ಟರ್ ಮೇಲೆ ವರ್ಷಗಟ್ಟಲೆ ದುಡಿದವರಿಗೆ, ವಯಸ್ಸಾದವರಿಗೆ ಕಿವಿ ಗುಂಯ್‌ಗುಡುವುದು ಸಾಮಾನ್ಯ. ಅಂಗಡಿಯವರು ವಿಟಮಿನ್ ಮಾತ್ರೆಯನ್ನೋ ಗಿಂಕ್ಗೋ ಮಾತ್ರೆಯನ್ನೋ ಕೊಟ್ಟಾರು. ಆದರೆ ಈ ಸದ್ದನ್ನು ನಿಲ್ಲಿಸುತ್ತೇನೆಂದು ಹೇಳಿ ಪರೀಕ್ಷೆಯಲ್ಲಿ ಗೆದ್ದ ಗುಳಿಗೆ ಜಗತ್ತಿನಲ್ಲಿ ಇನ್ನೂ ಒಂದೂ ಇಲ್ಲ. ಸದ್ದು ಬರಿಸುವ ಗುಳಿಗೆಗಳು ಮಾತ್ರ ಚೆನ್ನಾಗಿ ಗೊತ್ತು: ಪ್ರಮಾಣ ಮೀರಿದ ಆಸ್ಪಿರಿನ್, ಮಲೇರಿಯಾಕ್ಕೆ ಕೊಡುವ ಕ್ವಿನೈನ್.

ಆಸ್ಪಿರಿನ್ ಕಿವಿಯೊಳಗೆ ಏನು ಮಾಡುತ್ತದೆಂದು ತೋರಿಸಿಕೊಟ್ಟದ್ದು, ಕಿವಿಯಿಂದ ಹೊರಬರುವ ಸದ್ದನ್ನು ಕೇಳುವ ಓಎಇ ಎಂಬ ಯಂತ್ರ. ಒಳಗಿವಿಯ ಸುರುಳಿ, ಅಂದರೆ ಕಾಕ್ಲಿಯಾ, ಬಿಚ್ಚಿ ಚಾಚಿದರೆ ಸುಮಾರು 35 ಮಿಲಿಮೀಟರ್. ಅದರಲ್ಲಿ ಮಿದುಳಿಗೆ ಸುದ್ದಿ ಮುಟ್ಟಿಸುವ ಒಳ ರೋಮಕೋಶಗಳು 3,500ರಷ್ಟು. ಹೊರ ರೋಮಕೋಶಗಳು 12,000ದಷ್ಟು. ಹೊರಗಿನವು ಸದ್ದಿಗೆ ತಕ್ಕಂತೆ ಕುಗ್ಗಿ ಹಿಗ್ಗಿ, ಕ್ಷೀಣವಾದ ಅಲೆಗೂ ಬಲ ತುಂಬುತ್ತವೆ. ಕಿವಿ ಹೀಗೆ ತಾನೂ ದುಡಿಯುತ್ತಿರಬೇಕು, ಹಾಗಿದ್ದರೆ ಅದರಿಂದ ಸದ್ದು ಹೊರಗೂ ಬರಬೇಕು ಎಂದು ವಿಜ್ಞಾನಿ ಥಾಮಸ್ ಗೋಲ್ಡ್ 1948ರಲ್ಲೇ ಹೇಳಿದ್ದ. ಯಾರೂ ಕಿವಿಗೊಡಲಿಲ್ಲ. ಶವಗಳ ಕಿವಿಯಲ್ಲಿ ಅಲೆಗಳನ್ನು ಕಂಡ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು. ಸತ್ತ ಕಿವಿ ದುಡಿಯುವುದಿಲ್ಲವಲ್ಲ! ಕೊನೆಗೆ 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್, ಕಿವಿಗೆ ಪುಟ್ಟ ಮೈಕ್ರೋಫೋನ್ ಇಟ್ಟು ‘ಟಿಕ್’ ಎನ್ನಿಸಿ ಕಾದ. ಸೆಕೆಂಡಿನ ಕೆಲವೇ ಸಾವಿರದ ಭಾಗಗಳಲ್ಲಿ ಒಳಗಿನಿಂದ ಮರುದನಿ ಬಂತು.

ಓಎಇ ಯಂತ್ರ ಕೇಳುವುದು ಈ ಮರುದನಿಯನ್ನೇ. ಅದಕ್ಕೆ ರೋಗಿಯ ಉತ್ತರ ಬೇಡ, ಮಲಗಿದ ಕೂಸಾದರೂ ಸಾಕು. ರಕ್ತಸಂಬಂಧದಲ್ಲಿ ಮದುವೆ ಇನ್ನೂ ನಡೆಯುವ ನಮ್ಮ ಕಡೆ ಹುಟ್ಟುಗಿವುಡಿನ ಭಯ ಹೆಚ್ಚು. ಹೆರಿಗೆಯಾದ ಒಂದೆರಡು ದಿನದಲ್ಲೇ ಈ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮರುದನಿ ಬರಲಿಲ್ಲವೆಂದ ಮಾತ್ರಕ್ಕೆ ಕೂಸು ಕಿವುಡೆಂದಲ್ಲ. ಕಿವಿಯಲ್ಲಿ ನೀರು, ಕಸ ಇದ್ದರೂ ಹಾಗಾಗುತ್ತದೆ. ಬಂದ ಮಾತ್ರಕ್ಕೆ ನರ ಸರಿಯಿದೆ ಎಂದೂ ಅಲ್ಲ. ನರಕ್ಕೆ ಬೇರಾ (BERA) ಎಂಬ ಇನ್ನೊಂದು ಪರೀಕ್ಷೆ ಬೇಕು. 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇವೆರಡೂ ನಿತ್ಯದ ಕೆಲಸ.

ಆಸ್ಪಿರಿನ್ ಹೆಚ್ಚಾದಾಗ ಈ ಮರುದನಿ ಇಳಿಯುತ್ತದೆ. ಹೊರ ರೋಮಕೋಶವನ್ನು ಕುಣಿಸುವ, 2000ದಲ್ಲಿ ಪತ್ತೆಯಾದ ಪ್ರೆಸ್ಟಿನ್ ಎಂಬ ಪ್ರೋಟೀನನ್ನು ಔಷಧಿ ಕಟ್ಟಿಹಾಕುತ್ತದೆ. ಗುಳಿಗೆ ಬಿಟ್ಟರೆ ಸಾಮಾನ್ಯವಾಗಿ ಕೋಶವೂ ಚೇತರಿಸುತ್ತದೆ, ಗುಂಯ್ಯೂ ಹೋಗುತ್ತದೆ. ಹಾಗಾದರೆ ಯಂತ್ರದಿಂದಲೇ ಗುಂಯ್‌ ಅಳೆಯಬಹುದಲ್ಲ? ಆಗುವುದಿಲ್ಲ. ಮರುದನಿ ಚೆನ್ನಾಗಿದ್ದೂ ಕಿವಿ ಗುಂಯ್‌ಗುಡುವವರಿದ್ದಾರೆ, ಮರುದನಿಯೇ ಇಲ್ಲದೆ ನೆಮ್ಮದಿಯಾಗಿ ಮಲಗುವವರೂ ಇದ್ದಾರೆ. ಕಿವಿಯಿಂದ ಬರುವ ಸುದ್ದಿ ಕಡಿಮೆಯಾದಾಗ ಆ ಸದ್ದನ್ನು ಕಟ್ಟುವುದು ಹೆಚ್ಚಾಗಿ ಮಿದುಳು. ಶ್ರವಣ ನರ ಕತ್ತರಿಸಿದರೂ ಹಲವರಲ್ಲಿ ಅದು ಉಳಿಯುತ್ತದೆ. ಹೀಗಾಗಿ ಯಾವ ಔಷಧಿಗಾದರೂ ರೋಗಿಯ ಮಾತೇ ಅಳತೆಗೋಲು, ಬರೀ ಸಕ್ಕರೆ ಗುಳಿಗೆ ನುಂಗಿಸಿದರೂ ಅನೇಕರು “ಸ್ವಲ್ಪ ಕಮ್ಮಿ ಆಗ್ಯದ್ರಿ” ಎನ್ನುತ್ತಾರೆ. ಔಷಧಿ ಹುಡುಕುವವರಿಗೆ ದೊಡ್ಡ ತಲೆನೋವು ಇದೇ ಎಂಬುದು ನನ್ನ ಅನಿಸಿಕೆ.

ಒಂದು ಔಷಧಿ ಆಸೆ ಹುಟ್ಟಿಸಿತ್ತು. ಮರಗಟ್ಟಿಸುವ ಔಷಧಿಯಿಂದ ಗುಂಯ್ ತಗ್ಗುತ್ತದೆಂದು ವೈದ್ಯ ರಾಬರ್ಟ್ ಬಾರಾನಿ 1935ರಲ್ಲಿ ಗಮನಿಸಿದ್ದ. ಮುಂದೆ ಅದೇ ಬಗೆಯ ಲಿಡೊಕೇನನ್ನು ರಕ್ತನಾಳಕ್ಕೆ ಸೂಜಿಯಲ್ಲಿ ಕೊಟ್ಟಾಗ ಅನೇಕರಲ್ಲಿ ಸದ್ದು ಕೆಲಹೊತ್ತು ಅಡಗಿತು. ಆದರೆ ಪರಿಣಾಮ ಉಳಿಯದು, ಹೃದಯದ ಲಯಕ್ಕೂ ಅಪಾಯ. ರೋಮಕೋಶದ ವಿಷಯದಲ್ಲಿ ನಮಗಿಂತ ಸುರಪುರದ ಹತ್ತಿರ ಬೋನಾಳ ಕೆರೆಗೆ ಬರುವ ಹಕ್ಕಿಗಳೇ ಅದೃಷ್ಟ ಮಾಡಿವೆ. ಹಕ್ಕಿಗಳಲ್ಲಿ ಸತ್ತ ರೋಮಕೋಶ ಮತ್ತೆ ಬೆಳೆಯುತ್ತದೆ. ನಮ್ಮ ಕಾಕ್ಲಿಯಾದಲ್ಲಿ ಹೋದದ್ದು ಹೋದಂತೆಯೇ.

ಅದಕ್ಕೇ ವೈದ್ಯರು ಮೊದಲು ಕಿವಿಯ ಕಸ ನೋಡುತ್ತಾರೆ, ಕೇಳಿಸುವುದು ಕಡಿಮೆಯಿದ್ದರೆ ಶ್ರವಣ ಸಾಧನ ಹಾಕಿಸುತ್ತಾರೆ, ಸದ್ದಿನ ಮೇಲಿನ ಗಮನ ಕಡಿಮೆ ಮಾಡುವ ಆಪ್ತಸಲಹೆ ಕೊಡುತ್ತಾರೆ. ಇದರಿಂದ ಸದ್ದು ಹೋಗದಿದ್ದರೂ ಕಾಟ ತಗ್ಗುತ್ತದೆ. ಒಂದು ಸಂದರ್ಭದಲ್ಲಂತೂ ಔಷಧಿಗೆ ಓಡಲೇಬೇಕು: ಒಂದು ಕಿವಿ ಏಕಾಏಕಿ ಮಂದವಾಗಿ ಗುಂಯ್ ಎಂದರೆ. ಆಗ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ದಿನಗಳಲ್ಲೇ, ತಡವೆಂದರೂ ಎರಡು ವಾರದೊಳಗೆ ಶುರುವಾಗಬೇಕು. ಬಿಸಿ ಎಣ್ಣೆ ಬಿಟ್ಟುಕೊಂಡು ಮುಂದಿನ ಸಂತೆಯವರೆಗೆ ಕಾಯುವಂತಿಲ್ಲ.